ಇದರಲ್ಲಿ ಯಾವುದು ಸುಳ್ಳು ಎಂದು ಕೇಳಿದವರು

ಅವರು ಮೊದಲ ಸಲ ನನ್ನ ಟೈಪಿಂಗ್ ಕ್ಲಾಸಿನ ಮೆಟ್ಟಿಲು ಹತ್ತಿ ಬಂದ ದಿನ ನಾನು ಅವರಿಗೆ ಒಂದು ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಕೈಬರಹದಲ್ಲಿ ತಂದ ವಿವರವನ್ನು ಇಂಗ್ಲಿಷಿಗೆ ತಿರುಗಿಸಿ ಬಯೋಡಾಟಾ ಟೈಪ್ ಮಾಡಿ ಕೊಟ್ಟೆ. ಅವರು ಕೂರಲಿಲ್ಲ. ಪ್ರತಿ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಂತೇ ಓದಿದರು. ಒಂದು ಕಡೆ ಬೆರಳು ನಿಂತಿತು.

“ಟೀಚರ್, ಇಲ್ಲಿ ಒಂಬತ್ತು ವರ್ಷ ಅಂತ ಹಾಕಿದ್ದೀರಿ. ನಾನು ಬರೆದದ್ದು ಎಂಟು ವರ್ಷ ಏಳು ತಿಂಗಳು.”

“ಹೆಚ್ಚು ಕಡಿಮೆ ಒಂದೇ ಅಲ್ವಾ? ಒಂಬತ್ತು ಅಂದ್ರೆ ನೋಡ್ಲಿಕ್ಕೆ ಚಂದ.”

“ಚಂದ ಹೌದು. ಆದ್ರೆ ಆ ಐದು ತಿಂಗಳು ನಾನು ಕೆಲಸ ಮಾಡ್ಲಿಲ್ಲ ಅಲ್ಲವಾ?”

ಇಡೀ ಹಾಳೆ ಮತ್ತೆ ಹೊಡೆಯಬೇಕಾಯಿತು. ನನಗೆ ಸ್ವಲ್ಪ ಸಿಟ್ಟೇ ಬಂತು. ಅದು ತೊಂಬತ್ತರ ದಶಕದ ನಡುವಿನ ಕಾಲ. ಬಂಟ್ವಾಳ ಪೇಟೆಯ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ನನ್ನ ಕ್ಲಾಸು. ಬೆಳಿಗ್ಗೆ, ಸಂಜೆ ಹುಡುಗಿಯರು ಕಲಿಯಲಿಕ್ಕೆ ಬರುತ್ತಿದ್ದರು. ನಡುವಿನ ಹೊತ್ತಿನಲ್ಲಿ ನಾನು ಊರವರ ಅರ್ಜಿ, ಕರಾರುಪತ್ರ, ಬಯೋಡಾಟಾ ಟೈಪ್ ಮಾಡುತ್ತಿದ್ದೆ. ಗಲ್ಫಿಗೆ ಹೋಗುವವರು ಎಲ್ಲರೂ ಅನುಭವವನ್ನು ಒಂದಿಷ್ಟು ಏರಿಸಿ ಬರೆಸುತ್ತಿದ್ದರು. ಇಳಿಸಿ ಬರೆಸಿದವರು ಇವರೊಬ್ಬರೇ.

ಪೇಟೆಯವರು ಅವರನ್ನು ಫ್ರಿಜ್ಜಿನ ಸಾಹೇಬ್ರು ಎನ್ನುತ್ತಿದ್ದರು. ಏಸಿ, ಫ್ರಿಜ್ಜು, ಐಸ್ ಪ್ಲಾಂಟು, ಏನನ್ನು ತಣ್ಣಗೆ ಮಾಡಬೇಕಾದರೂ ಅವರು ಬೇಕು. ಗಲ್ಫಿನಲ್ಲಿ ಅದೇ ಕೆಲಸ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಆ ರಜೆಯಲ್ಲೂ ಊರವರು ಬಿಡುತ್ತಿರಲಿಲ್ಲ. ಒಂದು ಮಳೆಗಾಲ ನೇತ್ರಾವತಿ ನದಿ ಉಕ್ಕಿ ಕೆಳಗಿನ ಪೇಟೆಯೊಳಗೆ ಬಂದು, ಅಂಗಡಿಗಳ ಫ್ರಿಜ್ಜುಗಳು ಕೆಸರಿನಲ್ಲಿ ಅಡ್ಡ ಬಿದ್ದಿದ್ದವು. ಮಾಲೀಕರು ಗುಜರಿಗೆ ಹಾಕಲು ಹೊರಟಾಗ ಇವರು ಒಂದೊಂದನ್ನೂ ನಿಲ್ಲಿಸಿ, ಹಿಂಬದಿ ಬಿಚ್ಚಿ, ಒಣಗಿಸಿ ನೋಡಿದರು. “ಬಿಚ್ಚದೆ ಸತ್ತಿದೆ ಅಂತ ಹೇಳ್ಬಾರ್ದು” ಎಂದು ಅವರು ಹೇಳಿದ್ದನ್ನು ಸೋಡಾ ಅಂಗಡಿಯವ ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಕೆಲಸ ಮಾಡುವಾಗ ಅಂಗೈಯನ್ನು ಯಂತ್ರದ ಬದಿಗೆ ಒತ್ತಿ, ತಲೆ ಒಂದು ಕಡೆ ವಾಲಿಸಿ ನಿಲ್ಲುವುದು ಅವರ ಅಭ್ಯಾಸ. ಆಗ ಯಾರೂ ಮಾತಾಡಬಾರದು. ಮನೆಯಲ್ಲಿ ಕರಾವಳಿಯ ಮುಸಲ್ಮಾನರ ಬ್ಯಾರಿ ಭಾಷೆ, ನನ್ನ ಹತ್ತಿರ ತುಳು. ಕಾಗದದ ವಿಷಯ ಬಂದಾಗ ಮಾತ್ರ ಕನ್ನಡಕ್ಕೆ ತಿರುಗುತ್ತಿದ್ದರು, ತಾಲೂಕು ಕಚೇರಿಯ ಗುಮಾಸ್ತರ ಮುಂದೆ ನಿಂತವರ ಹಾಗೆ, ನಿಧಾನಕ್ಕೆ, ಪೂರ್ತಿ ವಾಕ್ಯದಲ್ಲಿ.

ಆ ವರ್ಷದ ರಜೆಯಲ್ಲಿ ಅವರು ಬರೆಸಿದ್ದು ಗಲ್ಫಿಗೆ ಅಲ್ಲ. ದೂರದ ಒಂದು ಚಳಿಯ ದೇಶ ಕುಶಲ ಕೆಲಸದವರನ್ನು ಕುಟುಂಬದ ಜೊತೆಗೆ ಬಂದು ನೆಲೆಸಲಿಕ್ಕೆ ಕರೆಯುತ್ತಿತ್ತು. ಶಿಕ್ಷಣಕ್ಕೆ ಇಷ್ಟು ಅಂಕ, ಅನುಭವಕ್ಕೆ ಇಷ್ಟು, ವಯಸ್ಸಿಗೆ ಇಷ್ಟು. ಎಲ್ಲ ಕೂಡಿಸಿ ಗೆರೆ ದಾಟಿದರೆ ಹೋಗಬಹುದು. ಆ ದೇಶದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕೊನೆಕೊನೆಗೆ ಅವರೂ ಹೆಸರು ಹೇಳುವುದನ್ನು ಬಿಟ್ಟಿದ್ದರು.

“ಗಲ್ಫಿನಲ್ಲಿ ಸಂಬಳ ಒಳ್ಳೇದು ಉಂಟಲ್ಲ, ಅಲ್ಲಿಗೆ ಯಾಕೆ?” ಎಂದು ಕೇಳಿದ್ದೆ.

“ಸಂಬಳಕ್ಕಲ್ಲ ಟೀಚರ್. ನನ್ನ ದೊಡ್ಡ ಮಗಳಿಗೆ ಎಂಟು ವರ್ಷ. ಅವಳ ಜೊತೆ ನಾನು ಕೂತು ಊಟ ಮಾಡಿದ ದಿನ ಲೆಕ್ಕ ಹಾಕಿದ್ರೆ ಒಂದು ವರ್ಷ ಆಗ್ಲಿಕ್ಕಿಲ್ಲ. ಅಲ್ಲಿಗೆ ಹೋದ್ರೆ ನಾವು ನಾಲ್ಕು ಜನ ಒಂದೇ ಮನೆಯಲ್ಲಿ ಇರ್ಬಹುದಂತೆ.”

ಅವರ ಜೊತೆಗೇ ಅರ್ಜಿ ಹಾಕಿದವರು ಸಿದ್ಧಕಟ್ಟೆಯ ಶೇಖರ. ಇಬ್ಬರೂ ಮಂಗಳೂರಿನ ಒಂದೇ ಸಂಸ್ಥೆಯಲ್ಲಿ, ಒಂದೇ ವರ್ಷ ಕಲಿತವರು. ಗಲ್ಫಿನ ಒಂದೇ ಕಂಪೆನಿಗೆ ಒಂದೇ ವಾರದಲ್ಲಿ ಸೇರಿದವರು, ಒಂದೇ ಕೋಣೆಯಲ್ಲಿ ಮಲಗಿದವರು. ಕಂಪೆನಿಯ ಮ್ಯಾನೇಜರ್ ಕೊಟ್ಟ ಅನುಭವ ಪತ್ರದಲ್ಲಿ ಇಬ್ಬರದ್ದೂ ಒಂದೇ ಒಕ್ಕಣೆ. ಹೆಸರು ಮಾತ್ರ ಬೇರೆ. ವಯಸ್ಸಿನಲ್ಲಿ ಶೇಖರ ನಾಲ್ಕು ತಿಂಗಳಿಗೆ ಚಿಕ್ಕವರು. ಎರಡೂ ಅರ್ಜಿಗಳನ್ನು ನಾನು ಒಂದೇ ಮೆಷಿನಿನಲ್ಲಿ, ಒಂದೇ ಮಧ್ಯಾಹ್ನ ಟೈಪ್ ಮಾಡಿದ್ದೆ. ಎರಡೂ ಒಂದೇ ದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಹೋದವು.

ಒಂದು ವರ್ಷ ತುಂಬುವುದರೊಳಗೆ ಶೇಖರರಿಗೆ ಒಪ್ಪಿಗೆ ಬಂತು. ಇವರಿಗೆ, ನನ್ನ ಕ್ಲಾಸಿನ ವಿಳಾಸಕ್ಕೆ, ಬಂದದ್ದು ಒಂದೇ ಹಾಳೆ. ನಿಮ್ಮ ತರಬೇತಿ ಸರಿ ಇದೆ, ಆದರೆ ನಿಮ್ಮ ಅನುಭವ ಪತ್ರದಿಂದ ನೀವು ಈ ಕಸುಬಿನ ಮುಖ್ಯ ಕೆಲಸಗಳನ್ನು ಮಾಡಿದ್ದೀರಿ ಎಂದು ನಮಗೆ ಮನದಟ್ಟಾಗಿಲ್ಲ. ಕೆಳಗೆ ಒಂದು ಸಹಿ.

ಗಲ್ಫಿನಿಂದ ಅವರು ಫೋನ್ ಮಾಡಿ ನನ್ನಿಂದ ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಕೇಳಿದರು: “ಶೇಖರನ ಪತ್ರದಲ್ಲಿ ಇಲ್ಲದ್ದು ನನ್ನದರಲ್ಲಿ ಎಂತ ಉಂಟು, ಅಥವಾ ಅದರಲ್ಲಿ ಇದ್ದದ್ದು ಎಂತ ಇಲ್ಲ, ಒಮ್ಮೆ ನೋಡಿ ಹೇಳ್ತೀರಾ?” ನಾನು ಇಟ್ಟುಕೊಂಡಿದ್ದ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಏನೂ ವ್ಯತ್ಯಾಸ ಇರಲಿಲ್ಲ.

ಪೇಟೆಯಲ್ಲಿ ಮಾತು ಹಬ್ಬಿತು. ಹೆಸರು ನೋಡಿ ತಳ್ಳಿಹಾಕಿದ್ದಾರೆ ಎಂದು ಅವರ ಮಸೀದಿಯ ಹತ್ತಿರವೂ ಹೇಳಿದರು, ನನ್ನ ಪಕ್ಕದ ಜವಳಿ ಅಂಗಡಿಯಲ್ಲೂ ಹೇಳಿದರು. ಮುಂದಿನ ರಜೆಗೆ ಬಂದಾಗ ನಾನೂ ಅದನ್ನೇ ಎತ್ತಿದೆ.

“ಇರ್ಬಹುದು, ಇರ್ಲಿಕ್ಕಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದು ಬೇಡ. ಅವರು ಬರೆದದ್ದನ್ನೇ ಹಿಡಿಯುವ” ಎಂದರು.

ಮಂಗಳೂರಿನ ಒಬ್ಬ ಏಜೆಂಟ್ ಅವರನ್ನು ಹುಡುಕಿಕೊಂಡು ನನ್ನ ಕ್ಲಾಸಿಗೇ ಬಂದ. ಸೂಪರ್‌ವೈಸರ್ ಎಂದು ಬರೆದ ಹೊಸ ಅನುಭವ ಪತ್ರ, ಬೇರೆ ಕಂಪೆನಿಯ ಲೆಟರ್‌ಹೆಡ್, ಸೀಲು, ಎಲ್ಲ ಅವನೇ ಮಾಡಿಸಿ ಕೊಡುತ್ತಾನಂತೆ. ಇವರು ಪೂರ್ತಿ ಕೇಳಿಸಿಕೊಂಡರು. ಚಾ ತರಿಸಿ ಕುಡಿಸಿದರು. ಆಮೇಲೆ ಹೇಳಿದರು:

“ಸತ್ಯ ಹೇಳಿದಾಗ ನಂಬದವರನ್ನು ಸುಳ್ಳು ಹೇಳಿ ನಂಬಿಸಿದ್ರೆ, ಅವರು ಮೊದಲು ಮಾಡಿದ್ದು ಸರಿ ಅಂತ ಆಗ್ತದೆ. ಆ ಸಮಾಧಾನ ನಾನು ಅವರಿಗೆ ಕೊಡುವುದಿಲ್ಲ.”

ನನ್ನ ಮಟ್ಟಿಗೆ ದಾರಿ ಸ್ಪಷ್ಟ ಇತ್ತು. ಶೇಖರರ ಪತ್ರದ ಪ್ರತಿಯನ್ನು ಜೊತೆಗಿಟ್ಟು, ಇದನ್ನು ಒಪ್ಪಿದ್ದೀರಿ, ಇದನ್ನು ಯಾಕೆ ಒಪ್ಪಲಿಲ್ಲ ಎಂದು ಕೇಳಬೇಕು. ಕಾಗದದ ಕರಡೂ ಸಿದ್ಧ ಮಾಡಿದೆ. ಅದನ್ನು ಕಳಿಸುವ ಹಿಂದಿನ ದಿನ ಶೇಖರರ ಹೆಂಡತಿ ಸಿದ್ಧಕಟ್ಟೆಯಿಂದ ಬಸ್ಸಿನಲ್ಲಿ ಬಂದರು. ಶೇಖರ ಮುಂದಾಗಿ ಆ ದೇಶಕ್ಕೆ ಹೋಗಿಯಾಗಿತ್ತು. ಅವರೂ ಮಗುವೂ ಮುಂದಿನ ತಿಂಗಳು ಹೊರಡುವವರು. ಫ್ರಿಜ್ಜಿನ ಸಾಹೇಬ್ರು ಆಗ ನನ್ನ ಎದುರೇ ಕೂತಿದ್ದರು.

“ಅಣ್ಣಾ, ನೀವು ಎಂತದೋ ಕಾಗದ ಬರಿತೀರಿ ಅಂತ ಗೊತ್ತಾಯ್ತು. ನಮ್ಮವರ ಹೆಸರನ್ನೂ ಹಾಕಿ ಬರಿತೀರಂತೆ.” ಅಷ್ಟು ಹೇಳಿ ಅವರು ಸೆರಗಿನ ತುದಿ ಹಿಡಿದುಕೊಂಡು ನಿಂತರು.

“ಕೂತ್ಕೊಳ್ಳಿ” ಎಂದರು ಇವರು.

“ಎರಡೂ ಒಂದೇ ಅಂತ ನೀವು ಹೇಳಿದ್ರೆ, ಅವರು ನಿಮಗೆ ಕೊಡುವ ಬದಲು ನಮ್ಮದನ್ನು ತೆಗೆದ್ರೆ? ನಾವು ಮನೆಯ ಸಾಮಾನು ಎಲ್ಲ ಕೊಟ್ಟು ಆಗಿದೆ ಅಣ್ಣಾ. ಆರು ವರ್ಷ ನಾನೂ ಕಾದವಳೇ.”

ಇವರು ನನ್ನ ಮೇಜಿನಿಂದ ಆ ಕರಡನ್ನು ತೆಗೆದು, ಶೇಖರರ ಹೆಸರು ಇದ್ದ ಪ್ಯಾರಾವನ್ನು ಪೆನ್ನಿನಿಂದ ಅಡ್ಡಗೆರೆ ಎಳೆದು ಹೊಡೆದುಹಾಕಿ, ಅವರ ಕೈಗೇ ಕೊಟ್ಟರು.

“ನೀವು ನೆಮ್ಮದಿಯಲ್ಲಿ ಹೋಗಿ ಬನ್ನಿ ತಂಗೀ. ಅವನ ಹೆಸರು ಬರುವುದಿಲ್ಲ.”

ಆ ಹೆಂಗಸು ಹೋದ ಮೇಲೆ ನಾನು ಇವರ ಜೊತೆ ಜಗಳ ಆಡಿದೆ. ಕೈಯಲ್ಲಿದ್ದ ಒಂದೇ ಸಾಕ್ಷಿ ಅದು, ಅದನ್ನೂ ಬಿಟ್ಟರೆ ಏನು ಉಳಿಯಿತು ಎಂದು ಕೇಳಿದೆ.

“ಹಕ್ಕಿಗೆ ಜಗಳ ಮಾಡುವುದು ಬೇರೆ ಟೀಚರ್. ಇನ್ನೊಬ್ಬನ ಮನೆಯ ಬಾಗಿಲು ಹಿಡಿದು ಅಲ್ಲಾಡಿಸುವುದು ಬೇರೆ. ನನಗೆ ಸಿಗದೆ ಇದ್ದದ್ದು ಅವಳಿಗೆ ಸಿಕ್ಕಿದೆ. ಅವಳು ಹೋಗ್ಲಿ.”

ಎರಡನೆಯ ಸಲ ಅರ್ಜಿ ಹಾಕಿದರು, ಅದೇ ಕಾಗದಗಳ ಜೊತೆ. ಈ ಸಲ ಬಂದ ಉತ್ತರ ನೋಡಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಿಮ್ಮ ಅನುಭವ ತೃಪ್ತಿಕರವಾಗಿದೆ, ಆದರೆ ನಿಮ್ಮ ತರಬೇತಿಯ ಪ್ರಮಾಣಪತ್ರ ಸಾಲದು ಎಂದಿತ್ತು. ಮುಂದಿನ ರಜೆಗೆ ಬಂದಾಗ ಅವರು ಎರಡೂ ತಿರಸ್ಕಾರಗಳನ್ನು ಮೇಜಿನ ಮೇಲೆ ಜೋಡಿಸಿ ಇಟ್ಟರು. ಬೆರಳಿನಿಂದ ಒಂದರ ಮೊದಲ ಸಾಲು, ಇನ್ನೊಂದರ ಮೊದಲ ಸಾಲು ತೋರಿಸಿದರು.

“ಇದರಲ್ಲಿ ತರಬೇತಿ ಪಾಸು. ಇದರಲ್ಲಿ ಅನುಭವ ಪಾಸು. ಎರಡು ಫೇಲು ಕೂಡಿಸಿದ್ರೆ ನಾನು ಪಾಸು ಅಲ್ವಾ ಮಾರಾಯ್ರೆ?”

ಅವರು ನಕ್ಕದ್ದನ್ನು ನಾನು ಕಂಡದ್ದು ಕಡಿಮೆ. ಆ ದಿನ ನಕ್ಕರು. ಅದು ಒಳ್ಳೆಯ ನಗು ಆಗಿರಲಿಲ್ಲ.

ಅಲ್ಲಿಂದ ಮುಂದೆ ಅವರು ಒಬ್ಬರೇ ಇರಲಿಲ್ಲ. ಸುದ್ದಿ ಕೇಳಿ ಬೇರೆ ಬೇರೆ ಊರಿನವರು ತಮ್ಮ ಕಾಗದ ಹಿಡಿದುಕೊಂಡು ನನ್ನ ಮೆಟ್ಟಿಲು ಹತ್ತತೊಡಗಿದರು. ಮೂಡುಬಿದಿರೆಯ ಒಬ್ಬ ಬ್ಯಾರಿ ಹುಡುಗ, ಲೇತ್ ಕೆಲಸದವ; ಅವನಿಗೆ ಮೊದಲ ಸಲವೇ ಒಪ್ಪಿಗೆ ಸಿಕ್ಕಿತ್ತು. ಅವನ ಜೊತೆ ಕಲಿತ ಶಿರ್ತಾಡಿಯ ಒಬ್ಬ ಕ್ರಿಶ್ಚಿಯನ್ ವೆಲ್ಡರ್‌ಗೆ ಸಿಗಲಿಲ್ಲ. ಇವರು ರಜೆಯಲ್ಲಿ ಎದುರು ಕೂತು, ಉಳಿದಾಗ ಫೋನಿನಲ್ಲಿ, ಎಲ್ಲವನ್ನೂ ಓದಿಸಿ ಕೇಳಿದರು, ನನ್ನಿಂದ ಪ್ರತಿ ಮಾಡಿಸಿ ಇಟ್ಟರು. ಹೆಸರಿನ ಮಾತು ಆಡಿದವರಿಗೆ ಅದನ್ನೇ ತೋರಿಸಿದರು.

“ಒಂದೇ ತರ ಅನ್ಯಾಯ ಆಗಿದ್ರೆ ಅದಕ್ಕೂ ಒಂದು ನಿಯಮ ಉಂಟು ಅಂತ ಆಗ್ತಿತ್ತು, ಜಗಳ ಮಾಡ್ಲಿಕ್ಕೂ ಸುಲಭ ಇತ್ತು. ಇದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ. ಫೈಲು ಯಾರ ಮೇಜಿಗೆ ಹೋಯ್ತು, ಅಷ್ಟೇ.”

ಅವರು ಹೇಳಿ ಬರೆಸಿದ ಕಾಗದಗಳಲ್ಲಿ ವಿನಂತಿ, ಕೃಪೆ, ದಯವಿಟ್ಟು ಎಂಬ ಶಬ್ದಗಳು ಇರುತ್ತಿರಲಿಲ್ಲ. ಟೈಪಿಂಗ್ ಪಾಠದಲ್ಲಿ ಅರ್ಜಿಯ ಕೊನೆಗೆ ವಿನಯದ ಸಾಲುಗಳನ್ನು ಕಲಿಸಿದವಳು ನಾನು. ಕೈ ತಾನಾಗಿ ಅದನ್ನು ಹೊಡೆಯುತ್ತಿತ್ತು. ಅವರು ತೆಗೆಸುತ್ತಿದ್ದರು. “ನಾನು ಕೇಳುವುದು ದಾನ ಅಲ್ಲ. ಅವರೇ ಮಾಡಿದ ನಿಯಮ, ಅವರೇ ಓದ್ಲಿ” ಎನ್ನುತ್ತಿದ್ದರು. ಬೈಗುಳವೂ ಇರುತ್ತಿರಲಿಲ್ಲ. ಒಮ್ಮೆ ನಾನು ಸಿಟ್ಟಿನಲ್ಲಿ ‘ನಿಮ್ಮ ಬೇಜವಾಬ್ದಾರಿತನ’ ಎಂದು ಸೇರಿಸಿದ್ದನ್ನೂ ತೆಗೆಸಿದರು.

ಮೊದಲ ಅರ್ಜಿ ಹಾಕಿದ ಐದನೆಯ ವರ್ಷ ಶೇಖರರ ಒಂದು ದಪ್ಪ ಲಕೋಟೆ ನನ್ನ ವಿಳಾಸಕ್ಕೆ ಬಂತು. ಹೆಂಡತಿ ಬಂಟ್ವಾಳಕ್ಕೆ ಬಂದು ಕೇಳಿಕೊಂಡದ್ದು ಅವರಿಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲವಂತೆ. ಹೆಂಡತಿಯೇ ಒಂದು ದಿನ ಬಾಯಿಬಿಟ್ಟು ಹೇಳಿದರಂತೆ. ಒಳಗೆ ಶೇಖರರ ಅರ್ಜಿಯ ಎಲ್ಲ ಪ್ರತಿಗಳಿದ್ದವು, ಮೇಲೆ ಕನ್ನಡದಲ್ಲಿ ಎರಡು ಸಾಲು: ‘ಇದನ್ನು ಮೊದಲ ದಿನವೇ ಉಪಯೋಗಿಸಬೇಕಿತ್ತು. ನನ್ನ ಹೆಸರು ದೊಡ್ಡ ಅಕ್ಷರದಲ್ಲಿ ಹಾಕು.’ ಕೆಳಗೆ ಅವರ ಹೆಂಡತಿಯೂ ಸಹಿ ಹಾಕಿದ್ದರು.

ಅದರ ಮೇಲೆ ನಾವು ಬರೆದ ಕಾಗದಕ್ಕೆ ಉತ್ತರ ಬರಲು ಒಂದು ವರ್ಷ ಹಿಡಿಯಿತು. ಆದರೆ ಬಂತು. ಅರ್ಜಿಯನ್ನು ಮತ್ತೆ ತೆರೆಯುತ್ತೇವೆ, ದೆಹಲಿಗೆ ಸಂದರ್ಶನಕ್ಕೆ ಬನ್ನಿ ಎಂದಿತ್ತು. ಅವರು ಗಲ್ಫಿನಿಂದ ರಜೆ ಹಾಕಿ ಬಂದು, ರೈಲಿನಲ್ಲಿ ದೆಹಲಿಗೆ ಹೋದರು. ವಾಪಸು ಬಂದ ದಿನ ಮನೆಗೆ ಹೋಗುವ ಮೊದಲು ನನ್ನ ಕ್ಲಾಸಿಗೆ ಬಂದು, ನಡೆದದ್ದನ್ನು ಹೇಳಿದರು.

ಸಂದರ್ಶನ ಮಾಡಿದವರು ಚಿಕ್ಕ ಪ್ರಾಯದ ಒಬ್ಬ ಅಧಿಕಾರಿಯಂತೆ, ಸಭ್ಯರಂತೆ. ಗ್ಯಾಸ್ ಸೋರುವುದನ್ನು ಹೇಗೆ ಪತ್ತೆ ಮಾಡ್ತೀರಿ, ಕಂಪ್ರೆಸರ್ ಬಿಸಿಯಾದರೆ ಮೊದಲು ಏನು ನೋಡ್ತೀರಿ ಎಂದೆಲ್ಲ ಕೇಳಿದರಂತೆ. ಇವರು ಹೇಳಿದರು. ಸಂತೋಷ, ನಿಮಗೇನಾದರೂ ಕೇಳಲಿಕ್ಕೆ ಇದೆಯಾ ಎಂದು ಕೊನೆಗೆ ಕೇಳಿದಾಗ ಇವರು ನಾಲ್ಕು ಕಾಗದಗಳನ್ನು ಮೇಜಿನ ಮೇಲೆ ಇಟ್ಟರು. ತನ್ನ ತರಬೇತಿ ಪತ್ರ ಮತ್ತು ಅನುಭವ ಪತ್ರ, ಶೇಖರರದ್ದೂ ಅವೇ ಎರಡು.

“ಇದರಲ್ಲಿ ಯಾವುದು ಸುಳ್ಳು ಅಂತ ಕೇಳಿದೆ.”

“ಅವರು ಎಂತ ಹೇಳಿದ್ರು?”

“ತುಂಬಾ ಹೊತ್ತು ನೋಡಿದ್ರು. ಆಮೇಲೆ ಹೇಳಿದ್ರು, ಪ್ರತಿಯೊಂದು ಅರ್ಜಿಯನ್ನೂ ಅದರದೇ ನೆಲೆಯಲ್ಲಿ ನಿಂತು ನೋಡ್ತೇವೆ ಅಂತ.” ಅವರು ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟರು. “ಎಂತ ನೆಲೆ ಟೀಚರ್? ನಾನೂ ಶೇಖರನೂ ನಿಂತದ್ದು ಒಂದೇ ತಾರಸಿಯಲ್ಲಿ. ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣ ಮುಟ್ಲಿಕ್ಕೆ ಆಗುವುದಿಲ್ಲ. ಒಬ್ಬ ಪೈಪು ಹಿಡಿದ್ರೆ ಇನ್ನೊಬ್ಬ ಬೆಸುಗೆ ಹಾಕುವುದು. ಒಂದೇ ಕೆಲಸವನ್ನು ಇಬ್ಬರು ಮಾಡಿದ್ದು. ಅರ್ಧ ಕೆಲಸ ನಿಜ, ಅರ್ಧ ಸುಳ್ಳು ಅಂತ ಆಗ್ತದಾ?”

ಆದರೂ ಈ ಸಲ ಆಗುತ್ತದೆ ಎಂದು ನಮ್ಮಿಬ್ಬರಿಗೂ ಅನಿಸಿತ್ತು. ಅವರ ಹೆಂಡತಿ ಮಕ್ಕಳಿಗೆ ದಪ್ಪ ಸ್ವೆಟರ್ ಹೆಣೆಯಲು ಉಲ್ಲನ್ ತರಿಸಿದ್ದರು ಎಂದು ಆಮೇಲೆ ಗೊತ್ತಾಯಿತು.

ಅವರ ರಜೆ ಮುಗಿಯುವ ಮೊದಲೇ ಬಂದ ಉತ್ತರದಲ್ಲಿ ತರಬೇತಿಗೆ ಪೂರ್ತಿ ಅಂಕ, ಅನುಭವಕ್ಕೆ ಪೂರ್ತಿ ಅಂಕ. ಆದರೆ ಈ ನಡುವೆ ಅರ್ಜಿದಾರರ ವಯಸ್ಸು ಮಿತಿ ದಾಟಿದ್ದರಿಂದ ವಯಸ್ಸಿನ ಅಂಕ ಕಡಿತವಾಗಿದೆ, ಒಟ್ಟು ಅಂಕ ಗೆರೆ ತಲುಪುವುದಿಲ್ಲ. ಆಗುತ್ತಿರುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ.

ನಾನು ಓದಿ ಮುಗಿಸಿದೆ. ಕೆಳಗೆ ಪೇಟೆಯಲ್ಲಿ ಒಂದು ಲಾರಿ ರಿವರ್ಸ್ ತೆಗೆಯುತ್ತಿತ್ತು. ಅವರು ಆ ಹಾಳೆಯನ್ನು ಮೇಜಿನ ಮೇಲೆ ನೇರ ಮಾಡಿಟ್ಟು, “ಮೆಷಿನಿಗೆ ಕಾಗದ ಹಾಕಿ” ಎಂದರು. ಅಷ್ಟರಲ್ಲಿ ನನ್ನಲ್ಲಿ ಕಂಪ್ಯೂಟರ್ ಬಂದಿತ್ತು. ಅವರ ಬಾಯಲ್ಲಿ ಅದೂ ಮೆಷಿನೇ. ಕನ್ನಡದಲ್ಲಿ ನಿಧಾನಕ್ಕೆ ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. ಅದು ಹೀಗಿತ್ತು:

‘ನನ್ನ ತರಬೇತಿ ಸರಿ ಇದೆ, ಅನುಭವವೂ ಸರಿ ಇದೆ ಎಂದು ಈಗ ಒಪ್ಪಿದ್ದೀರಿ. ಆ ಕಾಗದಗಳು ಮೊದಲ ದಿನ ನಿಮ್ಮ ಮೇಜಿಗೆ ಬಂದಾಗ ಹೇಗಿದ್ದವೋ ಈಗಲೂ ಹಾಗೆಯೇ ಇವೆ. ಒಂದು ಅಕ್ಷರವೂ ಬದಲಾಗಿಲ್ಲ. ಬದಲಾದದ್ದು ನನ್ನ ವಯಸ್ಸು ಮಾತ್ರ. ಅದನ್ನು ಕಳೆದವರು ನೀವು. ಇದು ನಿಮ್ಮ ದಾಖಲೆಯಲ್ಲಿ ಇರಲಿ.’

“ಮರುಪರಿಶೀಲನೆ ಮಾಡಿ ಅಂತ ಒಂದು ಸಾಲು ಸೇರಿಸುವ?” ಎಂದು ಕೇಳಿದೆ.

“ಬೇಡ. ಇದು ಅರ್ಜಿ ಅಲ್ಲ ಟೀಚರ್. ಉತ್ತರ.”

ಅವರು ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿ, ಸಹಿ ಹಾಕಿದರು.

ಅವರು ಸೋತರು ಎಂದು ಜನ ಹೇಳಿದರು. ಅವರು ಹಾಗೆ ನಡೆದುಕೊಳ್ಳಲಿಲ್ಲ. ಮುಂದಿನ ತಿಂಗಳು ಗಲ್ಫಿನ ಕೆಲಸಕ್ಕೂ ರಾಜೀನಾಮೆ ಕಳಿಸಿದರು. “ಒಂದೇ ಮನೆಯಲ್ಲಿ ಇರ್ಲಿಕ್ಕೆ ಅವರ ಅಪ್ಪಣೆ ಯಾಕೆ ಬೇಕು ಅಂತ ನನಗೆ ಇಷ್ಟು ವರ್ಷ ಹೊಳೆಯಲೇ ಇಲ್ಲ” ಎಂದು ನನ್ನ ಹತ್ತಿರ ಹೇಳಿದರು. ಬಿ.ಸಿ. ರೋಡಿನ ಕಡೆ ಒಂದು ಕೋಣೆ ಹಿಡಿದು ರಿಪೇರಿ ಅಂಗಡಿ ತೆರೆದರು. ಮಧ್ಯಾಹ್ನ ಒಂದೂವರೆಗೆ ಶಟರ್ ಎಳೆದು ಊಟಕ್ಕೆ ಮನೆಗೆ. ಹೋಟೆಲಿನವರ ಫ್ರೀಜರ್ ಕೆಟ್ಟು ಕೂತಿದ್ದರೂ ಸರಿ, ಆ ಒಂದು ಗಂಟೆ ಯಾರಿಗೂ ಸಿಗುತ್ತಿರಲಿಲ್ಲ. ಗಲ್ಫಿಗಿಂತ ಆದಾಯ ಎಷ್ಟೋ ಕಡಿಮೆ. ಅದರ ಬಗ್ಗೆ ಯಾರಾದರೂ ಕೆದಕಿದರೆ ಮಾತು ಬದಲಿಸುತ್ತಿದ್ದರು. ಆ ಉಲ್ಲನ್ ಏನಾಯಿತು ಎಂದು ನಾನು ಕೇಳಲಿಲ್ಲ. ಒಮ್ಮೆ ಮಾತ್ರ, ಚಳಿ ದೇಶದ ಹಿಮದ ಚಿತ್ರವಿದ್ದ ಕ್ಯಾಲೆಂಡರನ್ನು ಯಾರೋ ಅಂಗಡಿಗೆ ಕೊಟ್ಟಾಗ, ಅವರು ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ಪಕ್ಕದ ಅಂಗಡಿಗೆ ಕೊಟ್ಟುಬಂದರು.

ಕಾಗದದ ಜಗಳವನ್ನು ಅವರು ಬಿಡಲಿಲ್ಲ. ತನ್ನದು ಮುಗಿದಿತ್ತು, ಬೇರೆಯವರದ್ದು ಇತ್ತಲ್ಲ. ಶುಕ್ರವಾರ ಜುಮಾ ನಮಾಜು ಮುಗಿಸಿ ನೇರ ನನ್ನಲ್ಲಿಗೆ ಬರುತ್ತಿದ್ದರು. ತಿರಸ್ಕಾರದ ಪತ್ರ ಹಿಡಿದು ಬಂದವರು ಕಾದಿರುತ್ತಿದ್ದರು. ಅವರು ಮೊದಲು ಕೇಳುತ್ತಿದ್ದದ್ದು ಒಂದೇ: “ನೀವು ಬರೆದದ್ದೆಲ್ಲ ನಿಜವಾ?” ಹೌದು ಎಂದವರ ಜೊತೆ ಕೂರುತ್ತಿದ್ದರು. ತಡವರಿಸಿದವರಿಗೆ ನಯವಾಗಿಯೇ ಬಾಗಿಲು ತೋರಿಸುತ್ತಿದ್ದರು. ಶಿರ್ತಾಡಿಯ ವೆಲ್ಡರ್‌ಗೆ ಎರಡೇ ಕಾಗದದಲ್ಲಿ ಒಪ್ಪಿಗೆ ಬಂತು. ಕೆಲವರಿಗೆ ಬರಲಿಲ್ಲ.

ಹೃದಯಾಘಾತವಾಗಿ ಅವರು ತೀರಿಕೊಂಡು ಈಗ ಕೆಲವು ತಿಂಗಳಾಗಿವೆ. ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, “ಆರು ವರ್ಷ ನಮ್ಮ ಜೊತೆಗಿದ್ರು ಟೀಚರ್, ಒಂದು ದಿನ ಬಿಡದೆ” ಎಂದರು. ಮರುದಿನ ಆ ಚಳಿಯ ದೇಶದಿಂದ ನನಗೆ ಎರಡು ಫೋನ್ ಬಂದವು. ಒಂದು ಶೇಖರರದ್ದು. ಇನ್ನೊಂದು ಬೆಳ್ತಂಗಡಿಯ ಒಬ್ಬ ನರ್ಸ್ ಹುಡುಗಿಯದ್ದು. ಅವಳು ಈಗ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಇದ್ದಾಳೆ.

ಅವಳ ಮನೆಗೆ ನಾವು ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಅವಳ ಜೊತೆ ಕಲಿತವಳಿಗೆ ಒಪ್ಪಿಗೆ ಸಿಕ್ಕಿ ಅವಳಿಗೆ ತಿರಸ್ಕಾರ ಬಂದಿತ್ತು. ಹುಡುಗಿ ಊಟ ಬಿಟ್ಟು ಕೂತಿದ್ದಾಳೆ ಎಂದು ಯಾರೋ ಹೇಳಿದ್ದಕ್ಕೆ ಇವರು ಅಂಗಡಿ ಮುಚ್ಚಿ, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಅವಳ ಅಪ್ಪ ರಬ್ಬರ್ ಟ್ಯಾಪಿಂಗ್ ಕೆಲಸದವರು. ನಮ್ಮನ್ನು ಜಗಲಿಯಲ್ಲಿ ಕೂರಿಸಿ, ಕುಡಿಯಲಿಕ್ಕೆ ಕೊಟ್ಟು, ಮಗಳು ಬಾಗಿಲಲ್ಲಿ ನಿಂತಿದ್ದಂತೆಯೇ ಹೇಳಿದರು:

“ನೀವು ಇಷ್ಟು ದೂರ ಬಂದದ್ದು ದೊಡ್ಡ ವಿಷಯ ಸಾಹೇಬ್ರೆ. ಆದ್ರೆ ಇನ್ನು ಬರೆದು ಎಂತ ಮಾಡುವುದು? ಅವಳ ಹಣೆಯಲ್ಲಿ ಬರೆದದ್ದು ಇಷ್ಟೇ ಅಂತ ಕಾಣ್ತದೆ.”

ಇವರು ತಿರಸ್ಕಾರದ ಆ ಹಾಳೆಯನ್ನು ಬೆಂಚಿನ ಮೇಲೆ ಬಿಡಿಸಿಟ್ಟು, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟರು.

“ಹಣೆಯ ಮೇಲೆ ಬಂದದ್ದಲ್ಲ ಇದು, ಅಂಚೆಯಲ್ಲಿ ಬಂದದ್ದು. ದೇವರು ಬರೆದದ್ದಾದ್ರೆ ನಾನೂ ಸುಮ್ಮನೆ ಕೂರ್ತಿದ್ದೆ. ಇದನ್ನು ಬರೆದದ್ದು ಒಬ್ಬ ಮನುಷ್ಯ. ನೋಡಿ, ಇಲ್ಲಿ ಸಹಿ ಉಂಟು, ಹೆಸರೂ ಉಂಟು. ಮನುಷ್ಯ ಬರೆದದ್ದಕ್ಕೆ ಮನುಷ್ಯ ಉತ್ತರ ಬರಿಬಹುದು.”

ಹುಡುಗಿ ಬಾಗಿಲಿನಿಂದ ಬಂದು ಬೆಂಚಿನ ಹತ್ತಿರ ಕೂತಳು. ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಆ ಸಹಿಯ ಕೆಳಗಿದ್ದ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ಓದಿದಳು.